ಡ್ರೈವರ್ ಇಲ್ಲದ ಟ್ಯಾಕ್ಸಿ ಬಂದರೆ ನಮ್ಮ ಹುಡುಗರ ಗತಿ ಏನು?



ನಮ್ಮ ಧರ್ಮಕೇಂದ್ರದಲ್ಲಿ ಎಷ್ಟು ಮನೆಗಳ ಒಲೆ ಡ್ರೈವರ್ ಕೆಲಸದಿಂದ ಉರಿಯುತ್ತಿದೆ ಎಂದು ಒಮ್ಮೆ ಬೆರಳು ಮಡಚಿ ಎಣಿಸಿ ನೋಡಿ. ಎರಡು ಕೈಯ ಬೆರಳೂ ಸಾಲುವುದಿಲ್ಲ. ಒಬ್ಬರ ಅಪ್ಪ ಸಂಕಗಿರಿಯಿಂದ ಹೊರಡುವ ಲಾರಿ ಓಡಿಸುತ್ತಾರೆ. ಇನ್ನೊಬ್ಬರ ಅಣ್ಣ ಪಾಲಕ್ಕೋಡಿನಲ್ಲಿ ಟೊಮೇಟೊ ತುಂಬಿಕೊಂಡು ರಾತ್ರಿಯೇ ಹೊರಡುತ್ತಾನೆ. ಮತ್ತೊಬ್ಬರ ಮಗ ಬೆಂಗಳೂರಿನಲ್ಲಿ ಹಳದಿ ಬೋರ್ಡಿನ ಕಾರು ಓಡಿಸಿ ಹದಿನೈದು ದಿನಕ್ಕೊಮ್ಮೆ ಊರಿಗೆ ಬರುತ್ತಾನೆ. ಧರ್ಮಪುರಿ, ಸೇಲಂ ಭಾಗದಲ್ಲಿ ಮಳೆ ಕೈಕೊಟ್ಟ ವರ್ಷ ಹೊಲ ಬಿಟ್ಟು ಎದ್ದವರಿಗೆ ಕೈಹಿಡಿದದ್ದು ಎರಡೇ: ಒಂದು ಕಟ್ಟಡದ ಕೆಲಸ, ಇನ್ನೊಂದು ಸ್ಟಿಯರಿಂಗ್.

ಕಳೆದ ಯುವಕೂಟ ಮುಗಿದ ಮೇಲೆ ನಮ್ಮ ಬಳಗದ ಹುಡುಗನೊಬ್ಬ ನನ್ನನ್ನು ಪಕ್ಕಕ್ಕೆ ಕರೆದು ಕೇಳಿದ: “ಅಣ್ಣಾ, ನೀವು ಬಿಎಸ್ಸಿ ಓದಿದೋರು, ಸರಿಯಾಗಿ ಹೇಳಿ. ಇಷ್ಟು ದಿನ ಬೇರೆಯವರ ಗಾಡಿ ಓಡಿಸಿದೆ. ಈಗ ಸಾಲ ಮಾಡಿ ಸ್ವಂತ ಕಾರು ತಗೊಳ್ಳೋಣ ಅಂತಿದ್ದೀನಿ. ಐದು ವರ್ಷ ಕಂತು ಕಟ್ಟಬೇಕು. ಆದರೆ ಫೋನಲ್ಲಿ ನೋಡ್ತೀನಿ, ಅಮೆರಿಕದಲ್ಲಿ ಡ್ರೈವರೇ ಇಲ್ಲದೆ ಟ್ಯಾಕ್ಸಿ ಓಡ್ತಿದೆ. ನನ್ನ ಕಂತು ಮುಗಿಯೋದ್ರೊಳಗೆ ನನ್ನ ಕೆಲಸಾನೇ ಮುಗಿದು ಹೋಗುತ್ತಾ?”

ಮುಂಗಡ ಹಣಕ್ಕೆ ಅವನ ತಾಯಿ ತಮ್ಮ ಓಲೆ, ಸರ ಅಡವಿಡಲು ಒಪ್ಪಿದ್ದಾರೆ. ಅಂಥ ಪ್ರಶ್ನೆಗೆ ಬಾಯಿಗೆ ಬಂದ ಉತ್ತರ ಕೊಡಲಾಗುವುದಿಲ್ಲ. ಸ್ವಲ್ಪ ಓದಿ, ವಿಚಾರಿಸಿ, ನನಗೆ ತಿಳಿದಷ್ಟನ್ನು ಇಲ್ಲಿ ಬರೆಯುತ್ತಿದ್ದೇನೆ. ಇದೇ ಪ್ರಶ್ನೆ ನಿಮ್ಮ ಮನೆಯಲ್ಲೂ ಇರಬಹುದು.

ಈಗ ಎಲ್ಲಿಗೆ ಬಂದಿದೆ?

ಮೊದಲು ಒಪ್ಪಿಕೊಳ್ಳೋಣ, ಫೋನಿನಲ್ಲಿ ನೋಡಿದ್ದು ಸುಳ್ಳಲ್ಲ. ಗೂಗಲ್ ಕಂಪನಿ 2009ರಲ್ಲಿ ಆರಂಭಿಸಿದ ಪ್ರಯೋಗ 2016ರಲ್ಲಿ ‘ವೇಮೋ’ ಎಂಬ ಪ್ರತ್ಯೇಕ ಕಂಪನಿಯಾಯಿತು. 2020ರಲ್ಲಿ ಅರಿಜೋನಾದ ಫೀನಿಕ್ಸ್ ನಗರದ ಭಾಗದಲ್ಲಿ, ಮುಂದಿನ ಸೀಟಿನಲ್ಲಿ ಯಾರೂ ಇಲ್ಲದ ಟ್ಯಾಕ್ಸಿಯನ್ನು ಸಾರ್ವಜನಿಕರಿಗೆ ತೆರೆಯಿತು. 2024ರ ಜೂನ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲೂ ಎಲ್ಲರಿಗೂ ತೆರೆಯಿತು. 2025ರ ಮಧ್ಯದ ಹೊತ್ತಿಗೆ ಒಟ್ಟು 1 ಕೋಟಿ ಬಾಡಿಗೆ ಪ್ರಯಾಣಗಳನ್ನು ದಾಟಿತ್ತು. ಅದೇ ವರ್ಷದ ಜೂನ್‌ನಲ್ಲಿ ಟೆಸ್ಲಾ ಕಂಪನಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ತನ್ನ ರೋಬೋ ಟ್ಯಾಕ್ಸಿ ಇಳಿಸಿತು, ಪಕ್ಕದ ಸೀಟಿನಲ್ಲಿ ಕಂಪನಿಯ ಒಬ್ಬ ವ್ಯಕ್ತಿಯನ್ನು ಕೂರಿಸಿಕೊಂಡೇ. ಚೀನಾದ ವುಹಾನ್ ನಗರದಲ್ಲಿ ಬೈದು ಕಂಪನಿಯ ಇಂಥ ಕಾರುಗಳು ನೂರಾರು ಓಡುತ್ತಿವೆ.

ಎಲ್ಲರೂ ಗೆದ್ದಿಲ್ಲ ಎಂಬುದನ್ನೂ ಹೇಳಬೇಕು. ಜನರಲ್ ಮೋಟಾರ್ಸ್‌ನ ‘ಕ್ರೂಸ್’ ಕಂಪನಿಯ ಕಾರು 2023ರ ಅಕ್ಟೋಬರ್‌ನಲ್ಲಿ, ಬೇರೊಂದು ಗಾಡಿ ಗುದ್ದಿ ತನ್ನ ಮುಂದೆ ಬಿದ್ದ ಮಹಿಳೆಯನ್ನು ಎಳೆದುಕೊಂಡು ಹೋಯಿತು. ಪರವಾನಗಿ ಹೋಯಿತು. ಮರು ವರ್ಷ ಡಿಸೆಂಬರ್‌ನಲ್ಲಿ ಜನರಲ್ ಮೋಟಾರ್ಸ್ ರೋಬೋ ಟ್ಯಾಕ್ಸಿಯ ಆಸೆಯನ್ನೇ ಕೈಬಿಟ್ಟಿತು. ಸಾವಿರಾರು ಕೋಟಿ ಸುರಿದ ದೊಡ್ಡವರೇ ಹೀಗೆ ಹಿಂದೆ ಸರಿದರೆ, ಕೆಲಸ ಎಷ್ಟು ಕಷ್ಟದ್ದೆಂದು ನೀವೇ ಊಹಿಸಿ.

ಇನ್ನು ನಮ್ಮ ಪಕ್ಕದ ಬೆಂಗಳೂರು. ಅಲ್ಲಿನ ‘ಮೈನಸ್ ಝೀರೋ’ ಎಂಬ ಹೊಸ ಕಂಪನಿ 2023ರಲ್ಲಿ ಸ್ಟಿಯರಿಂಗ್ ಇಲ್ಲದ ಚಿಕ್ಕ ವಾಹನವೊಂದನ್ನು ತೋರಿಸಿತು. 2025ರ ಅಕ್ಟೋಬರ್‌ನಲ್ಲಿ ವಿಪ್ರೋ, ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಆರ್.ವಿ. ಎಂಜಿನಿಯರಿಂಗ್ ಕಾಲೇಜು ಸೇರಿ ರೂಪಿಸಿದ ಚಾಲಕರಹಿತ ಕಾರಿನ ಮಾದರಿ ಆ ಕಾಲೇಜಿನ ಆವರಣದಲ್ಲಿ ಓಡಿತು. ಇವೆಲ್ಲ ಪ್ರಯೋಗಗಳು. ರಸ್ತೆಗೆ ಬಂದು ಬಾಡಿಗೆ ಹೊಡೆಯುವ ಹಂತ ಇನ್ನೂ ಮುಟ್ಟಿಲ್ಲ.

ಆದರೆ ಹಳಿಯ ಮೇಲೆ ಕಥೆ ಬೇರೆ. ನಾವು ಧರ್ಮಪುರಿಯಿಂದ ಬಸ್ಸು ಹತ್ತಿ ಕೃಷ್ಣಗಿರಿ, ಹೊಸೂರು ದಾಟಿ ಬೆಂಗಳೂರಿಗೆ ಹೋಗುವಾಗ ಬೊಮ್ಮಸಂದ್ರ ಸಿಗುತ್ತದಲ್ಲ, ಅಲ್ಲಿಂದ ಆರ್.ವಿ. ರಸ್ತೆಯವರೆಗಿನ ಮೆಟ್ರೋ ಹಳದಿ ಮಾರ್ಗ 2025ರ ಆಗಸ್ಟ್ 10ರಂದು ಉದ್ಘಾಟನೆಯಾಯಿತು. ಅದರ ರೈಲುಗಳು ಚಾಲಕರಿಲ್ಲದೆಯೂ ಓಡುವಂತೆ ತಯಾರಾದವು, ಆದರೂ ಶುರುವಿನಲ್ಲಿ ಚಾಲಕರನ್ನು ಇಟ್ಟುಕೊಂಡೇ ಓಡಿಸಿದರು. ಹಳಿಯ ಮೇಲೆ ಹಸು ಬರುವುದಿಲ್ಲ, ಎದುರಿನಿಂದ ಟ್ರ್ಯಾಕ್ಟರ್ ಬರುವುದಿಲ್ಲ. ಅದಕ್ಕೇ ಯಂತ್ರಕ್ಕೆ ಹಳಿ ಸುಲಭ, ರಸ್ತೆ ಕಷ್ಟ.

ಕಾರಿಗೆ ಕಣ್ಣು ಬಂದದ್ದು ಹೇಗೆ?

ನಾನು ಓದಿದ್ದು ಫಿಸಿಕ್ಸ್. ಆದ್ದರಿಂದ ಇದನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಇಂಥ ಕಾರುಗಳಿಗೆ ಸಾಮಾನ್ಯವಾಗಿ ಮೂರು ಬಗೆಯ ಕಣ್ಣು. ಕ್ಯಾಮೆರಾ ಬಣ್ಣ, ಫಲಕ, ಸಿಗ್ನಲ್ ನೋಡುತ್ತದೆ. ರೇಡಾರ್ ರೇಡಿಯೋ ಅಲೆ ಬಿಟ್ಟು ಮುಂದಿನ ಗಾಡಿಯ ವೇಗ ಅಳೆಯುತ್ತದೆ, ಮಂಜಿನಲ್ಲೂ ಕೆಲಸ ಮಾಡುತ್ತದೆ. ಮೂರನೆಯದು ಲೈಡಾರ್. ಅದು ಲೇಸರ್ ಬೆಳಕಿನ ಮಿಡಿತ ಕಳಿಸಿ, ಅದು ಬಡಿದು ಮರಳಿ ಬರುವ ಸಮಯ ಎಣಿಸುತ್ತದೆ. 30 ಮೀಟರ್ ದೂರದ ಮರಕ್ಕೆ ತಗುಲಿ ಹಿಂದಿರುಗಲು ಬೆಳಕಿಗೆ ಬೇಕಾದದ್ದು ಒಂದು ಸೆಕೆಂಡಿನ 50 ಲಕ್ಷದಲ್ಲಿ ಒಂದು ಭಾಗ. ಅಷ್ಟು ಚಿಕ್ಕ ಕಾಲವನ್ನು ಅಳೆದು ಸುತ್ತಲಿನ ನಕ್ಷೆ ಬಿಡಿಸುತ್ತದೆ. ವೇಮೋದಂಥ ಕಾರುಗಳು ಮೊದಲೇ ಇಂಚಿಂಚು ಅಳೆದಿಟ್ಟ ನಗರದೊಳಗೆ ಮಾತ್ರ ಓಡುತ್ತವೆ. ಗಲಿಬಿಲಿಯಾದರೆ ದೂರದ ಕಚೇರಿಯಲ್ಲಿ ಕುಳಿತ ಮನುಷ್ಯರನ್ನು ಸಲಹೆ ಕೇಳುತ್ತವೆ.

ಇದರ ಲಾಭ ದೊಡ್ಡದು, ಅದನ್ನು ಮರೆಮಾಚಬಾರದು. ಗಂಟೆಗೆ 80 ಕಿ.ಮೀ. ವೇಗವೆಂದರೆ ಸೆಕೆಂಡಿಗೆ 22 ಮೀಟರ್. ಮನುಷ್ಯ ಅಪಾಯ ನೋಡಿ ಬ್ರೇಕ್ ಮೇಲೆ ಕಾಲಿಡಲು ಒಂದೂವರೆ ಸೆಕೆಂಡು ತೆಗೆದುಕೊಂಡರೆ, ಬ್ರೇಕ್ ಹಿಡಿಯುವ ಮೊದಲೇ ಗಾಡಿ 33 ಮೀಟರ್ ಹೋಗಿರುತ್ತದೆ. ಯಂತ್ರ ಆ ಒಂದೂವರೆ ಸೆಕೆಂಡನ್ನು ಬಹಳಷ್ಟು ಉಳಿಸುತ್ತದೆ. ಅದಕ್ಕೆ ನಿದ್ದೆ ಇಲ್ಲ, ಕುಡಿತ ಇಲ್ಲ, ಹೆಂಡತಿಯ ಫೋನೂ ಬರುವುದಿಲ್ಲ. ಭಾರತದಲ್ಲಿ 2022ರಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರು 1,68,491 ಮಂದಿ. ಅದರಲ್ಲಿ ತಮಿಳುನಾಡಿನವರು 17,884. ಅಪಘಾತಗಳ ಸಂಖ್ಯೆಯಲ್ಲಿ ಆ ವರ್ಷ ನಮ್ಮ ರಾಜ್ಯವೇ ಮೊದಲು. ರಸ್ತೆಯಲ್ಲಿ ಮಗನನ್ನು ಕಳೆದುಕೊಂಡ ಮನೆಯ ಮುಂದೆ ನಿಂತು, ಈ ಯಂತ್ರ ನಮಗೆ ಬೇಡವೇ ಬೇಡ ಎಂದು ಹೇಳುವುದು ಅಷ್ಟು ಸುಲಭವಲ್ಲ.

ತೊಪ್ಪೂರು ಘಾಟಿಯಲ್ಲಿ ಯಂತ್ರ ಏನು ಮಾಡೀತು?

ಈ ಮಾತನ್ನು ನಮ್ಮ ಊರಿನ ರಸ್ತೆಗೇ ಹಚ್ಚಿ ನೋಡೋಣ. ಧರ್ಮಪುರಿಯಿಂದ ಸೇಲಂಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 44ರಲ್ಲಿ ತೊಪ್ಪೂರು ಘಾಟಿ ಗೊತ್ತಿಲ್ಲದವರು ನಮ್ಮಲ್ಲಿ ಇಲ್ಲ. ವೇಳಾಂಕಣ್ಣಿಗೆ ಹೊರಟ ವ್ಯಾನು ಅಲ್ಲಿ ಇಳಿಯುವಾಗ ಅಜ್ಜಿಯರು ಜಪಸರ ಹಿಡಿಯುತ್ತಾರೆ. 2020ರ ಡಿಸೆಂಬರ್‌ನಲ್ಲಿ ಅಲ್ಲಿ ಲಾರಿಯೊಂದು ಸಾಲು ಸಾಲು ವಾಹನಗಳ ಮೇಲೆ ನುಗ್ಗಿ ನಾಲ್ವರು ಸತ್ತರು. 2024ರ ಜನವರಿಯಲ್ಲಿ ಮತ್ತೆ ಅಂಥದೇ ಅಪಘಾತ, ಮತ್ತೆ ನಾಲ್ಕು ಜೀವ.

ಅಲ್ಲಿ ಆಗುವುದೇನು? 30 ಟನ್ ತೂಕದ ಲಾರಿ ಎತ್ತರದಲ್ಲಿ 100 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ, 100 ಲೀಟರ್ ನೀರನ್ನು ಕುದಿಸುವಷ್ಟು. ಅದೆಲ್ಲ ಬ್ರೇಕಿನಲ್ಲೇ ಬಿಸಿಯಾಗಿ ಸೇರಿದರೆ ಬ್ರೇಕ್ ಹಿಡಿತ ಕಳೆದುಕೊಳ್ಳುತ್ತದೆ. ಅದಕ್ಕೇ ಹಳೆಯ ಡ್ರೈವರುಗಳು, ಹತ್ತಿದ ಗೇರಿನಲ್ಲೇ ಇಳಿ ಎನ್ನುತ್ತಾರೆ. ಎಂಜಿನ್ನೇ ಗಾಡಿಯನ್ನು ಹಿಡಿದೆಳೆಯಲಿ ಎಂಬುದು ಅದರ ಅರ್ಥ. ಡೀಸೆಲ್ ಉಳಿಸಲು ನ್ಯೂಟ್ರಲ್‌ಗೆ ಹಾಕಿ ಇಳಿಸುವವರೂ ಇದ್ದಾರೆ. ಆಗ ಭಾರವೆಲ್ಲ ಬ್ರೇಕಿನ ಮೇಲೆ. ನನ್ನ ಸೋದರಮಾವ ಮೂವತ್ತು ವರ್ಷ ಲಾರಿ ಓಡಿಸಿದವರು. ಅವರನ್ನು ಈ ಬಗ್ಗೆ ಕೇಳಿದೆ. “ನ್ಯೂಟ್ರಲ್ ಹಾಕೋನು ಹುಚ್ಚ ಅಲ್ಲಪ್ಪ. ಡೀಸೆಲ್ ಕಮ್ಮಿ ಆದ್ರೆ ಓನರ್ ಲೆಕ್ಕ ಕೇಳ್ತಾನೆ. ಎರಡು ರಾತ್ರಿ ನಿದ್ದೆ ಇಲ್ಲ. ಮೂರನೇ ರಾತ್ರಿ ತೊಪ್ಪೂರು ಬರುತ್ತೆ” ಎಂದರು.

ನನಗೆ ಆ ಮಾತು ಬಹಳ ಹೊತ್ತು ತಲೆಯಲ್ಲಿ ಉಳಿಯಿತು. ಯಂತ್ರ ನ್ಯೂಟ್ರಲ್‌ಗೆ ಹಾಕುವುದಿಲ್ಲ, ನಿಜ. ಆದರೆ ಸವೆದ ಬ್ರೇಕ್ ಲೈನಿಂಗನ್ನು ಬದಲಿಸದ ಮಾಲೀಕ, ಮಿತಿಮೀರಿದ ಲೋಡು, ಕಡಿದಾದ ಇಳಿಜಾರು, ಇವು ಮೂರೂ ಹಾಗೇ ಇದ್ದರೆ ಯಂತ್ರ ಕೂತರೂ ಲಾರಿ ನುಗ್ಗುತ್ತದೆ. ತೊಪ್ಪೂರಿಗೆ ಮೊದಲು ಬೇಕಾದದ್ದು ನೆಟ್ಟಗಿನ ರಸ್ತೆ ಮತ್ತು ನಿದ್ದೆ ಮಾಡಿದ ಡ್ರೈವರ್. ರಸ್ತೆಯ ವಿಷಯದಲ್ಲಿ ಹೆದ್ದಾರಿ ಪ್ರಾಧಿಕಾರ ಅಲ್ಲಿ ಎತ್ತರಿಸಿದ ರಸ್ತೆಯ ಯೋಜನೆ ಕೈಗೊಂಡಿದೆ.

ಇನ್ನೊಂದು ತೊಡಕು ನಮ್ಮ ರಸ್ತೆಯ ಭಾಷೆ. ಮುಂದಿನ ಲಾರಿ ಬಲಗಡೆ ಇಂಡಿಕೇಟರ್ ಹಾಕಿದರೆ, ಅದು ಬಲಕ್ಕೆ ತಿರುಗುತ್ತದೆಯೋ, ‘ಈಗ ಮುಂದೆ ಹೋಗಬೇಡ’ ಎನ್ನುತ್ತಿದೆಯೋ, ‘ದಾರಿ ಖಾಲಿ ಇದೆ, ಹೋಗು’ ಎನ್ನುತ್ತಿದೆಯೋ? ನಮ್ಮ ಡ್ರೈವರುಗಳಿಗೆ ಗೊತ್ತಾಗುತ್ತದೆ. ಕ್ಲೀನರ್ ಕಿಟಕಿಯಿಂದ ಕೈಯಾಡಿಸಿದರೆ ಗೊತ್ತಾಗುತ್ತದೆ. ಹಿಂದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಕತ್ತಲಲ್ಲಿ ನಿಂತಿರಬಹುದೆಂಬ ಅನುಮಾನವೂ ಅವರಿಗೆ ಬರುತ್ತದೆ. ಹೊಗೇನಕಲ್ಲಿನಲ್ಲಿ ಹರಿಗೋಲು ನಡೆಸುವವರು ನೀರಿನ ಬಣ್ಣ ನೋಡಿ ಸುಳಿ ಎಲ್ಲಿದೆ ಎಂದು ಹೇಳುವ ಹಾಗೆ. ಇದನ್ನೆಲ್ಲ ಯಂತ್ರಕ್ಕೆ ಕಲಿಸಲಾಗದು ಎಂದಲ್ಲ. ಕಲಿಸಲು ಕಾಲ ಹಿಡಿಯುತ್ತದೆ. 2025ರ ಡಿಸೆಂಬರ್‌ನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕರೆಂಟ್ ಹೋಗಿ ಸಿಗ್ನಲ್‌ಗಳು ಆರಿದಾಗ ಅಲ್ಲಿನ ರೋಬೋ ಟ್ಯಾಕ್ಸಿಗಳು ನಡುರಸ್ತೆಯಲ್ಲೇ ನಿಂತುಬಿಟ್ಟವು. ನಮ್ಮಲ್ಲಿ ಕರೆಂಟ್ ಹೋಗುವುದು ಸುದ್ದಿಯೇ ಅಲ್ಲ.

ತಪ್ಪು ಯಾರ ತಲೆಗೆ?

2018ರ ಮಾರ್ಚ್ 18ರ ರಾತ್ರಿ ಅರಿಜೋನಾದ ಟೆಂಪಿ ಎಂಬಲ್ಲಿ, ಸೈಕಲ್ ತಳ್ಳಿಕೊಂಡು ರಸ್ತೆ ದಾಟುತ್ತಿದ್ದ ಮಹಿಳೆಗೆ ಉಬರ್ ಕಂಪನಿಯ ಪ್ರಯೋಗದ ಕಾರು ಗುದ್ದಿತು. ಸ್ವಯಂಚಾಲಿತ ಕಾರಿನಿಂದ ಪಾದಚಾರಿ ಸತ್ತ ಮೊದಲ ಘಟನೆ ಅದು. ತನಿಖೆಯಲ್ಲಿ ಕಂಡದ್ದೇನೆಂದರೆ, ಕಾರಿನ ಸೆನ್ಸರ್‌ಗಳು 5.6 ಸೆಕೆಂಡು ಮೊದಲೇ ಆಕೆಯನ್ನು ಗುರುತಿಸಿದ್ದವು. ಆದರೆ ಅದು ಏನು, ಗಾಡಿಯೋ, ಸೈಕಲ್ಲೋ, ಬೇರೇನೋ ಎಂದು ಕಂಪ್ಯೂಟರ್ ಮತ್ತೆ ಮತ್ತೆ ಅಭಿಪ್ರಾಯ ಬದಲಿಸಿತು. ಸೀಟಿನಲ್ಲಿ ಕಾವಲಿಗೆ ಕೂತಿದ್ದ ನೌಕರೆ ರಸ್ತೆ ನೋಡುತ್ತಿರಲಿಲ್ಲ. ಕೊನೆಗೆ ಕಂಪನಿಯ ಮೇಲೆ ಕ್ರಿಮಿನಲ್ ಮೊಕದ್ದಮೆ ಆಗಲಿಲ್ಲ. ಸೀಟಿನಲ್ಲಿದ್ದ ನೌಕರೆ ತಪ್ಪೊಪ್ಪಿಕೊಂಡು 2023ರಲ್ಲಿ ಮೂರು ವರ್ಷದ ಪ್ರೊಬೇಷನ್ ಶಿಕ್ಷೆ ಪಡೆದಳು.

ಇದನ್ನು ಓದಿದಾಗ ನನಗೆ ನಮ್ಮ ಹುಡುಗರೇ ಕಣ್ಣ ಮುಂದೆ ಬಂದರು. ನಾಳೆ ಅರೆಬರೆ ಸ್ವಯಂಚಾಲಿತ ಲಾರಿಗಳು ಬಂದು, ‘ನೀನು ಸುಮ್ಮನೆ ಕೂತಿರು, ಏನಾದರೂ ಆದರೆ ಹಿಡಿ’ ಎಂದು ಅರ್ಧ ಸಂಬಳಕ್ಕೆ ಕೂರಿಸಿದರೆ, ಅಪಘಾತವಾದ ದಿನ ಜೈಲಿಗೆ ಹೋಗುವವರು ಯಾರು? ನಮ್ಮ 1988ರ ಮೋಟಾರು ವಾಹನ ಕಾಯ್ದೆ, ಗಾಡಿ ಓಡಿಸುವವನು ಲೈಸೆನ್ಸ್ ಇರುವ ಒಬ್ಬ ಮನುಷ್ಯ ಎಂದೇ ಇಟ್ಟುಕೊಂಡು ಬರೆದದ್ದು. ಕಾನೂನು ಬದಲಾಗುವಾಗ ಡ್ರೈವರುಗಳ ಪರವಾಗಿ ಕೇಳುವ ಮೊದಲ ಪ್ರಶ್ನೆ ಇದೇ ಆಗಬೇಕು. 2025ರ ಜನವರಿಯಲ್ಲಿ ಕೃತಕ ಬುದ್ಧಿಮತ್ತೆಯ ಬಗ್ಗೆ ವ್ಯಾಟಿಕನ್ ಹೊರಡಿಸಿದ ದಾಖಲೆಯೂ, ನಿರ್ಧಾರದ ಹೊಣೆ ಕೊನೆಗೆ ಮನುಷ್ಯನದೇ, ಯಂತ್ರವನ್ನು ಮಾಡಿದವರೂ ಬಳಸುವವರೂ ಅದರಿಂದ ಜಾರಿಕೊಳ್ಳಬಾರದು ಎಂಬ ಅರ್ಥದಲ್ಲೇ ಮಾತನಾಡುತ್ತದೆ.

ಕೆಲಸದ ಮಾತು

ಕೇಂದ್ರ ಸಾರಿಗೆ ಸಚಿವ ನಿತಿನ್ ಗಡ್ಕರಿ ಅವರು 2023ರ ಡಿಸೆಂಬರ್‌ನಲ್ಲಿ ನಾಗಪುರದಲ್ಲಿ ನೇರವಾಗಿಯೇ ಹೇಳಿದರು: ತಾವು ಇರುವವರೆಗೆ ಭಾರತಕ್ಕೆ ಚಾಲಕರಹಿತ ಕಾರುಗಳನ್ನು ಬಿಡುವುದಿಲ್ಲ, ಬಿಟ್ಟರೆ 70–80 ಲಕ್ಷ ಡ್ರೈವರುಗಳ ಕೆಲಸ ಹೋಗುತ್ತದೆ ಎಂದು. 2017ರಲ್ಲೂ ಅವರು ಇದೇ ಮಾತು ಆಡಿದ್ದರು. ನಮಗೆ ಇದು ಸಮಾಧಾನದ ಮಾತು. ಆದರೆ ಸಚಿವರ ಮಾತು ಸಚಿವರ ಅವಧಿಯಷ್ಟೇ. ಎಸ್‌ಟಿಡಿ ಬೂತುಗಳನ್ನು ಯಾವ ಸರ್ಕಾರವೂ ನಿಷೇಧಿಸಲಿಲ್ಲ. ಎಲ್ಲರ ಕೈಗೂ ಮೊಬೈಲ್ ಬಂತು, ಬೂತು ಹೋಯಿತು. ಬೂತಿಟ್ಟು ಬದುಕುತ್ತಿದ್ದವರಿಗೆ ಬೇರೆ ದಾರಿ ತೋರಿಸಲು ಯಾರೂ ಬರಲಿಲ್ಲ.

2025ರ ಮೇ ತಿಂಗಳಲ್ಲಿ ಆಯ್ಕೆಯಾದ ಜಗದ್ಗುರು 14ನೇ ಲಿಯೋ ಅವರು ಆ ಹೆಸರು ತೆಗೆದುಕೊಂಡದ್ದಕ್ಕೆ ಕೊಟ್ಟ ಕಾರಣ ನಿಮಗೆ ನೆನಪಿರಬಹುದು. ಕಾರ್ಖಾನೆಗಳ ಕಾಲದಲ್ಲಿ, 1891ರಲ್ಲಿ, ‘ರೇರುಮ್ ನೊವಾರುಮ್’ ಪತ್ರ ಬರೆದು ಕೂಲಿಕಾರರ ಪರ ನಿಂತವರು 13ನೇ ಲಿಯೋ. ಇಂದು ಕೃತಕ ಬುದ್ಧಿಮತ್ತೆಯೂ ಹಾಗೆಯೇ ದುಡಿಮೆಯ ಘನತೆಗೆ ಹೊಸ ಸವಾಲು ಎಂದು ಅವರು ಕಾರ್ಡಿನಲ್‌ಗಳಿಗೆ ಹೇಳಿದರು. ನನಗೆ ಕಾಣುವಂತೆ ನಮ್ಮ ಪಾಲಿಗೆ ಮುಖ್ಯ ಪ್ರಶ್ನೆ ‘ಯಂತ್ರ ಬೇಕೋ ಬೇಡವೋ’ ಎಂಬುದಲ್ಲ. ‘ಯಂತ್ರ ಯಾರದು?’ ಎಂಬುದು. ಇಂದು ನಮ್ಮ ಹುಡುಗ ಕಂತು ಕಟ್ಟಿದರೆ ಐದು ವರ್ಷಕ್ಕೆ ಕಾರು ಅವನದು. ರೋಬೋ ಟ್ಯಾಕ್ಸಿಯಲ್ಲಿ ಕಾರೂ ಕಂಪನಿಯದು, ಆ್ಯಪೂ ಕಂಪನಿಯದು, ದುಡಿಮೆಯೂ ಕಂಪನಿಯದು. ಧರ್ಮಪುರಿಗೆ ಬರುತ್ತಿದ್ದ ಹಣ ಬೆಂಗಳೂರಿನಲ್ಲೂ ನಿಲ್ಲದೆ ಬೇರೆಲ್ಲಿಗೋ ಹೋಗುತ್ತದೆ. ಮುಂದೊಂದು ದಿನ ಅಂಥ ಕಾರು ಬರುವುದೇ ಆದರೆ, ಡ್ರೈವರುಗಳ ಸಹಕಾರ ಸಂಘ ಅದನ್ನು ಕೊಳ್ಳಬಾರದೇ? ಹಾಲಿಗೆ ಸೊಸೈಟಿ ಕಟ್ಟಿದವರು ನಾವು.

ಅವನಿಗೆ ನಾನು ಹೇಳಿದ್ದು

ನನ್ನ ಉತ್ತರ ಹೀಗಿತ್ತು. ಕಾರು ತಗೋ. ಇನ್ನೈದು ವರ್ಷದಲ್ಲಿ ಹೊಸೂರು ರಸ್ತೆಯಲ್ಲಿ ಡ್ರೈವರ್ ಇಲ್ಲದ ಟ್ಯಾಕ್ಸಿ ನಿನ್ನ ಬಾಡಿಗೆ ಕಿತ್ತುಕೊಳ್ಳುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ನಿನ್ನ ಕಂತಿಗೆ ಇವತ್ತೇ ಇರುವ ಅಪಾಯ ಬೇರೆ: ಆ್ಯಪ್ ಕಂಪನಿಗಳ ಕಮಿಷನ್, ಡೀಸೆಲ್ ದರ, ಹದಿನಾಲ್ಕು ಗಂಟೆ ಕೂತು ಕೆಡುವ ಬೆನ್ನು. ಕಮಿಷನ್ ಬದಲು ಚಂದಾ ಕಟ್ಟುವ ‘ನಮ್ಮ ಯಾತ್ರಿ’ಯಂಥ ಆ್ಯಪ್‌ಗಳನ್ನೂ ವಿಚಾರಿಸು. ಕರ್ನಾಟಕ ಸರ್ಕಾರ 2025ರಲ್ಲಿ ಗಿಗ್ ಕಾರ್ಮಿಕರ ಸಾಮಾಜಿಕ ಭದ್ರತೆಗೆ ಕಾಯ್ದೆ ತಂದಿದೆ, ಅಲ್ಲಿ ಹೆಸರು ನೋಂದಾಯಿಸುವುದನ್ನು ಬಿಡಬೇಡ. ತಾಯಿಯ ಒಡವೆ ಅಡವಿಡುವ ಮುನ್ನ, ಆರು ತಿಂಗಳ ಕಂತಿನಷ್ಟು ಹಣ ಕೈಯಲ್ಲಿ ಉಳಿಯುತ್ತದೆಯೇ ಎಂದು ಲೆಕ್ಕ ಹಾಕು. ಉಳಿಯದಿದ್ದರೆ ಒಂದು ವರ್ಷ ತಡೆ.

ಐದು ವರ್ಷದ ಆಚೆಗೆ ನನ್ನ ಮಾತು ಬೇರೆ. ಸ್ಟಿಯರಿಂಗ್ ಒಂದನ್ನೇ ನಂಬಬೇಡ. ಬದಲಾವಣೆ ಒಂದೇ ಸಲ ಬರುವುದಿಲ್ಲ, ಮೆಟ್ಟಿಲು ಮೆಟ್ಟಿಲಾಗಿ ಬರುತ್ತದೆ. ಲಾರಿ, ಬಸ್ಸುಗಳಲ್ಲಿ ತಾನೇ ಬ್ರೇಕ್ ಹಾಕುವ ಮತ್ತು ಡ್ರೈವರ್ ತೂಕಡಿಸಿದರೆ ಎಚ್ಚರಿಸುವ ಸಾಧನ ಕಡ್ಡಾಯ ಮಾಡಲು ಕೇಂದ್ರ ಸರ್ಕಾರ 2025ರಲ್ಲಿ ಕರಡು ನಿಯಮ ಹೊರಡಿಸಿತು. ಕಾರುಗಳು ಬ್ಯಾಟರಿಗೆ ತಿರುಗುತ್ತಿವೆ. ಈ ಸಾಧನಗಳನ್ನು ರಿಪೇರಿ ಮಾಡುವ, ಸೆನ್ಸರ್ ಹೊಂದಿಸುವ, ಬ್ಯಾಟರಿ ನೋಡುವ ಕೈಗಳು ಬೇಕೇ ಬೇಕು. ಐಟಿಐಯಲ್ಲಿ ಒಂದು ಕೋರ್ಸ್ ಮಾಡು, ಇಲ್ಲವೇ ತಮ್ಮನನ್ನು ಕಳಿಸು. ಇನ್ನೊಂದು, ನಮ್ಮವರಿಗೆ ಕನ್ನಡ, ತಮಿಳು, ತೆಲುಗು ಮೂರೂ ಬರುತ್ತದೆ. ಆಸ್ಪತ್ರೆಗೆ ಹೋಗುವ ಅಜ್ಜನನ್ನು ಕೈಹಿಡಿದು ಇಳಿಸಿ, ಅವರ ಭಾಷೆಯಲ್ಲೇ ಮಾತಾಡಿ, ಚೀಟಿ ಮಾಡಿಸಿಕೊಡುವ ಡ್ರೈವರ್‌ಗೆ ಯಂತ್ರದ ಕಾಲದಲ್ಲೂ ಬೇಡಿಕೆ ಇರುತ್ತದೆ.

ಕೊನೆಯದಾಗಿ ಒಂದು ಮಾತು

ಜೆರಿಕೊ ದಾರಿಯ ಸದಯ ಸಮಾರಿತನ ಕಥೆ ನಮಗೆಲ್ಲ ಗೊತ್ತು. ದಾರಿಯಲ್ಲಿ ಬಿದ್ದವನನ್ನು ಕಂಡು ಇಬ್ಬರು ಬದಿಗೆ ಸರಿದು ಹೋದರು. ಒಬ್ಬ ಇಳಿದ. ಇಂದಿನ ಯಂತ್ರದ ಕಾರು ಬಿದ್ದವನ ಮೇಲೆ ಹತ್ತದೆ ನಿಲ್ಲಲು ಕಲಿತಿದೆ, ಬದಿಗೆ ಸರಿದು ಮುಂದೆ ಹೋಗಲೂ ಕಲಿತಿದೆ. ಇಳಿಯುವುದು ಮಾತ್ರ ಅದರಿಂದ ಆಗದು. ತೊಪ್ಪೂರಿನಲ್ಲಿ ಅಪಘಾತವಾದಾಗಲೆಲ್ಲ ಮೊದಲು ಓಡಿಬಂದವರು ಹಿಂದಿನ ಲಾರಿಯ ಡ್ರೈವರ್, ಕ್ಲೀನರ್ ಎಂದು ಮಾವ ಹೇಳುತ್ತಾರೆ.

ಹಾಗೆ ಇಳಿಯಲು ನಾವು ಹೆದರಬೇಕಿಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 134ಎ ಕಲಂ ಪ್ರಕಾರ, ಒಳ್ಳೆಯ ಮನಸ್ಸಿನಿಂದ ನೆರವಾದವರ ಮೇಲೆ ಕೇಸು ಹಾಕುವಂತಿಲ್ಲ, ಹೆಸರು ಹೇಳಲೂ ಒತ್ತಾಯವಿಲ್ಲ. ತಮಿಳುನಾಡು ಸರ್ಕಾರ 2021ರ ಡಿಸೆಂಬರ್‌ನಲ್ಲಿ ಆರಂಭಿಸಿದ ‘ನಮ್ಮೈ ಕಾಕ್ಕುಂ 48’ ಯೋಜನೆಯಲ್ಲಿ, ಅಪಘಾತವಾದ ಮೊದಲ 48 ಗಂಟೆಯ ತುರ್ತು ಚಿಕಿತ್ಸೆ ನೋಂದಾಯಿತ ಆಸ್ಪತ್ರೆಗಳಲ್ಲಿ ಉಚಿತ. ಇವೆರಡು ನಮ್ಮ ಡ್ರೈವರುಗಳಲ್ಲಿ ಎಷ್ಟೋ ಜನರಿಗೆ ಗೊತ್ತಿಲ್ಲ.

ಆದ್ದರಿಂದ ಯುವಬಳಗದ ಪರವಾಗಿ ಒಂದು ಕೋರಿಕೆ. ವಾಹನಗಳ ಆಶೀರ್ವಾದದ ದಿನ ಗಾಡಿಗೆ ಹೂವಿನ ಹಾರ ಹಾಕುತ್ತೇವೆ, ಗುರುಗಳು ತೀರ್ಥ ಚಿಮುಕಿಸುತ್ತಾರೆ. ಈ ವರ್ಷ ಅದೇ ದಿನ ಡ್ರೈವರುಗಳಿಗೆ ಕಣ್ಣಿನ ತಪಾಸಣೆ ಮತ್ತು ಪ್ರಥಮ ಚಿಕಿತ್ಸೆಯ ತರಬೇತಿಯನ್ನೂ ಇಟ್ಟುಕೊಳ್ಳೋಣ. ನಿಮ್ಮ ಮನೆಯಲ್ಲಿ ಡ್ರೈವರ್ ಇದ್ದರೆ ಅವರ ಹೆಸರು, ಅವರು ಊರಿಗೆ ಬರುವ ದಿನ ನಮಗೆ ತಿಳಿಸಿ. ಅವರ ಬಿಡುವು ನೋಡಿಕೊಂಡೇ ದಿನ ಗೊತ್ತುಮಾಡುತ್ತೇವೆ.